ಕೆಎ ಗಾಡಿ ಕೊಯಮತ್ತೂರಿಗೆ ಮಾರ್ತಾ ಇದ್ದೇನೆ, ನಂಬರ್ ಪ್ಲೇಟ್ ಬಿಚ್ಚಿಟ್ಟುಕೊಳ್ಳಬೇಕಾ?

ಹಳೇಸ್ವಿಫ್ಟ್
ಎಲ್ಲರಿಗೂ ನಮಸ್ಕಾರ. ನನ್ನದು 2014ರ ಸ್ವಿಫ್ಟ್, ಪೆಟ್ರೋಲ್, ಕೆಎ 05. ಕೊಯಮತ್ತೂರಿನವರೊಬ್ಬರು ಬಂದು ನೋಡಿ ಒಪ್ಪಿಕೊಂಡಿದ್ದಾರೆ. 3 ಲಕ್ಷ 40 ಸಾವಿರಕ್ಕೆ ಮಾತಾಗಿದೆ, 10 ಸಾವಿರ ಅಡ್ವಾನ್ಸ್ ಬಂದಿದೆ. ಭಾನುವಾರ ಬಂದು ಗಾಡಿ ಓಡಿಸಿಕೊಂಡು ಹೋಗ್ತಾರಂತೆ. "ಫಾರಂ 29, 30ಕ್ಕೆ ಸೈನ್ ಹಾಕಿಡಿ ಸಾರ್, ತಾರೀಖು ಬರೀಬೇಡಿ. ಎನ್‌ಒಸಿ ನಮ್ಮ ಏಜೆಂಟ್ ಮಾಡಿಸ್ತಾರೆ" ಅಂತ ಹೇಳಿದ್ದಾರೆ. 29, 30 ಅಂದರೆ ಗಾಡಿ ಹೆಸರು ಬದಲಿಸುವ ಫಾರಂಗಳು, ಎನ್‌ಒಸಿ ಅಂದರೆ ಗಾಡಿ ಬೇರೆ ರಾಜ್ಯಕ್ಕೆ ಹೋಗೋಕೆ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ. ಮನುಷ್ಯ ಒಳ್ಳೆಯವರ ಹಾಗೆ ಕಾಣ್ತಾರೆ.

ಇಷ್ಟರಲ್ಲಿ ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದ ಫೋನ್ ಮಾಡಿ ತಲೆ ಕೆಡಿಸಿಬಿಟ್ಟ. "ಪ್ಲೇಟ್ ಬಿಚ್ಚದೆ ಗಾಡಿ ಕೊಟ್ಟೆಯೋ, ಅವನು ಏನು ಮಾಡಿದರೂ ನಿನ್ನ ತಲೆಗೆ ಬರುತ್ತೆ" ಅಂತ. ಹೌದಾ? ಬಿಚ್ಚಿಕೊಂಡರೆ ಅವರು ಕೊಯಮತ್ತೂರು ತಲುಪುವುದು ಹೇಗೆ? ಹೋದ ವರ್ಷ ತಾನೇ ಎಚ್‌ಎಸ್‌ಆರ್‌ಪಿ ಅನ್ನೋ ಹೈ ಸೆಕ್ಯೂರಿಟಿ ಪ್ಲೇಟ್ ಹಾಕಿಸಿದ್ದೇನೆ, ಆ ಲಾಕ್ ಬಿಚ್ಚೋಕೆ ಬರುತ್ತಾ ಅನ್ನೋದೂ ಗೊತ್ತಿಲ್ಲ. ಗೊತ್ತಿರುವವರು ಹೇಳಿ.

ಗಿರಿನಗರ ಗಿರಾಕಿ
ಬಿಚ್ಚಬೇಡಿ. ನಮ್ಮಲ್ಲಿ ಪ್ಲೇಟ್ ಗಾಡಿಯದ್ದು, ಮಾಲೀಕನದ್ದಲ್ಲ.

ಇಡ್ಲಿ ವಡೆ ಒಂದ್ ಪ್ಲೇಟ್
ಟೈಟಲ್ ನೋಡಿ ಓಡಿ ಬಂದೆ. ನನ್ನ ವಿಷಯ ಅಲ್ಲ ಅಂತ ಆಮೇಲೆ ಗೊತ್ತಾಯ್ತು.

ಫಾರಂ 28
ನಾನು ಸಾರಿಗೆ ಕಚೇರಿಯ ಮೇಜಿನ ಆ ಕಡೆ ಕೂತು ನಿವೃತ್ತನಾದವನು. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಪ್ಲೇಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆ ನಂಬರ್ ಗಾಡಿಗೆ ಅಂಟಿಕೊಂಡಿರೋದು. ಕೊಯಮತ್ತೂರಿನಲ್ಲಿ ಹೊಸ ಟಿಎನ್ ನಂಬರ್ ಸಿಗುವವರೆಗೂ ಕೆಎ ನಂಬರಿನಲ್ಲೇ ಓಡಬೇಕು. ಪ್ಲೇಟ್ ಇಲ್ಲದ ಗಾಡಿ ಅತ್ತಿಬೆಲೆ ಗಡಿ ದಾಟೋದೇ ಕಷ್ಟ. ಎಚ್‌ಎಸ್‌ಆರ್‌ಪಿ ಲಾಕ್ ಬೇರೆ ಒಂದು ಸಲ ಹಾಕಿದರೆ ಮುಗೀತು. ಬಿಚ್ಚಬೇಕು ಅಂದರೆ ಮುರೀಬೇಕು, ಮುರಿದದ್ದನ್ನು ಮತ್ತೆ ಹಾಕೋಕಾಗಲ್ಲ.

ನೀವು ಹೆದರಬೇಕಾದ್ದು ಆ ತಾರೀಖಿಲ್ಲದ ಸಹಿಗೆ. ಕೊಳ್ಳುವವರು ಬೇರೆ ರಾಜ್ಯದವರಾದರೆ ಮೊದಲು ಎನ್‌ಒಸಿ, ಆಮೇಲೆ ಗಾಡಿ. ಫಾರಂ 28ರಲ್ಲಿ ಅರ್ಜಿ ಹಾಕಬೇಕಾದವರು ನೀವು, ನಿಮ್ಮ ನೋಂದಣಿ ಇರುವ ಆರ್‌ಟಿಒನಲ್ಲಿ. ಅವರ ಏಜೆಂಟ್ ಅಲ್ಲ. ಕಳವಿನ ಕೇಸ್ ಇಲ್ಲ ಅಂತ ಪೊಲೀಸ್ ಕಡೆಯಿಂದ ವರದಿ ಬೇಕು, ತೆರಿಗೆ ಬಾಕಿ ಇರಬಾರದು. ಮೋಟಾರು ವಾಹನ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ 30 ದಿನದೊಳಗೆ ಕೊಡಬೇಕು, ಇಲ್ಲವಾದರೆ ಯಾಕೆ ಕೊಡಲ್ಲ ಅಂತ ಬರೆದು ತಿಳಿಸಬೇಕು. ಎರಡೂ ಮಾಡದೆ ಕೂತರೆ ಕೊಟ್ಟ ಹಾಗೆ ಅಂತಲೇ ಲೆಕ್ಕ. ಇದನ್ನು ಕೌಂಟರಿನಲ್ಲಿ ಹೇಳಿದರೆ ನಗ್ತಾರೆ, ಆದರೂ ಕಾಯ್ದೆಯಲ್ಲಿ ಇರೋದು ಹಾಗೇ.

ಆಮೇಲೆ 29. ಅದು ಮಾರಿದವನು ಕೊಡುವ ಸೂಚನೆ. 30 ಇಬ್ಬರೂ ಸೇರಿ ಹಾಕುವ ಅರ್ಜಿ. ರಾಜ್ಯದೊಳಗೆ ಮಾರಿದರೆ 14 ದಿನ, ಹೊರಗೆ ಮಾರಿದರೆ 45 ದಿನ, ಅಷ್ಟರೊಳಗೆ ನೀವು ತಿಳಿಸಬೇಕು. ಕೊಂಡವರಿಗೆ 30 ದಿನ. ತಾರೀಖು ಖಾಲಿ ಬಿಟ್ಟರೆ ಈ ದಿನಗಳನ್ನು ಯಾವಾಗಿನಿಂದ ಎಣಿಸಬೇಕು ಅನ್ನೋದನ್ನು ಅವರೇ ತೀರ್ಮಾನ ಮಾಡ್ತಾರೆ.

ಬುಲೆಟ್ ಬೇಡಪ್ಪ
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ತಪ್ಪು ಮಾಡಿ ಕಲಿತವನು.

2019ರಲ್ಲಿ ನನ್ನ ಬೈಕನ್ನು ಹಿಂದೂಪುರದ ಒಬ್ಬರಿಗೆ ಮಾರಿದೆ. 29, 30ಕ್ಕೆ ಸೈನ್, ಖಾಲಿ. ಕಾಫಿ ಕುಡಿಸಿ ಕಳಿಸಿದೆ. ಎರಡು ವರ್ಷ ಆದಮೇಲೆ ಮನೆಗೆ ಪೊಲೀಸರು ಬಂದರು. ಬೈಕ್ ಯಾರಿಗೋ ಗುದ್ದಿ ಬಿಟ್ಟು ಹೋಗಿದ್ದಾರೆ. ನಾನು ಮಾರಿದ ಮನುಷ್ಯ ಅದನ್ನು ಮೂರು ತಿಂಗಳಲ್ಲೇ ಇನ್ನೊಬ್ಬರಿಗೆ ಕೊಟ್ಟಿದ್ದನಂತೆ, ಆ ಇನ್ನೊಬ್ಬರು ಮತ್ತೊಬ್ಬರಿಗೆ. ದಾಖಲೆಯಲ್ಲಿ ಮಾತ್ರ ಕೊನೆವರೆಗೂ ನಾನೇ. ಅದೃಷ್ಟಕ್ಕೆ ಗುದ್ದಿಸಿಕೊಂಡವರಿಗೆ ಕೈ ಮಾತ್ರ ಮುರಿದಿತ್ತು. ಠಾಣೆಗೆ ಏಳು ಸಲ ಹೋದೆ. ಹಳೇ ವಾಟ್ಸಾಪ್ ಚಾಟ್‌ನಲ್ಲಿ ಅವನ ಆಧಾರ್ ಫೋಟೋ ಉಳಿದಿತ್ತು, ಅದೇ ಕಾಪಾಡಿತು.

ಕೊಂಡವನೂ "ಒಳ್ಳೆಯವರ ಹಾಗೆ" ಕಾಣ್ತಿದ್ದ.

ಸಿಲ್ಕ್‌ಬೋರ್ಡ್ ಸಿಗ್ನಲ್
ಎಲ್ಲರೂ ಸುಮ್ನೆ ಹೆದರಿಸ್ತಾ ಇದ್ದೀರ. 100 ರೂಪಾಯಿ ಛಾಪಾ ಕಾಗದದಲ್ಲಿ ಡೆಲಿವರಿ ನೋಟ್ ಬರೆಸಿ. ತಾರೀಖು, ಸಮಯ, "ಇಂದಿನಿಂದ ಎಲ್ಲ ಹೊಣೆ ಕೊಂಡವರದ್ದು" ಅಂತ ಹಾಕಿ ಇಬ್ಬರೂ ಸಹಿ ಮಾಡಿ. ಮುಗೀತು. ನಾನು ಇದುವರೆಗೆ ಮೂರು ಗಾಡಿ ಹೀಗೇ ಮಾರಿದ್ದೇನೆ, ಏನೂ ಆಗಿಲ್ಲ.

ಕಟ್ಟೆ ವಕೀಲ
@ಸಿಲ್ಕ್‌ಬೋರ್ಡ್ ಸಿಗ್ನಲ್ ನಿಮಗೆ ಏನೂ ಆಗಿಲ್ಲ ಅಂದರೆ ಆ ಗಾಡಿಗಳಿಗೆ ಏನೂ ಆಗಿಲ್ಲ ಅಂತ ಅರ್ಥ, ಅಷ್ಟೇ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆ ಕೇಸಿನಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತಾ ಹೋಗಿತ್ತು, ಆರ್‌ಸಿ ಮಾತ್ರ ಮೊದಲನೆಯವರ ಹೆಸರಲ್ಲೇ ಇತ್ತು. 2009ರಲ್ಲಿ ಅಪಘಾತ ಆಯ್ತು. ಪರಿಹಾರದ ಹೊಣೆ ಯಾರದ್ದು? ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರದ್ದು. ನೊಂದವರು ಮಾರಾಟದ ಸರಪಳಿ ಹಿಡಿದು ಒಬ್ಬೊಬ್ಬರ ಮನೆ ಬಾಗಿಲು ತಟ್ಟಬೇಕಾಗಿಲ್ಲ ಅಂತ ಕೋರ್ಟು ಹೇಳಿತು. ಡೆಲಿವರಿ ನೋಟ್ ನಿಮ್ಮ ಮತ್ತು ಕೊಂಡವರ ನಡುವಿನ ಜಗಳಕ್ಕೆ ಉಪಯೋಗಕ್ಕೆ ಬರುತ್ತೆ. ಹೊರಗಿನವರ ಎದುರು ನಿಲ್ಲಲ್ಲ.

ಸಿಲ್ಕ್‌ಬೋರ್ಡ್ ಸಿಗ್ನಲ್
ಹಾಗಾದರೆ ಡೆಲಿವರಿ ನೋಟ್ ಬೇಡವೇ ಬೇಡ ಅಂತೀರಾ?

ಕಟ್ಟೆ ವಕೀಲ
ಬೇಕು ಸ್ವಾಮಿ. ಎನ್‌ಒಸಿ ಜೊತೆಗೆ ಬೇಕು. ಬದಲಿಗೆ ಅಲ್ಲ. ಗಂಟೆ, ನಿಮಿಷ, ಓಡೋಮೀಟರ್ ರೀಡಿಂಗ್ ಎಲ್ಲ ಬರೀರಿ. ಮಧ್ಯಾಹ್ನ 12ಕ್ಕೆ ಕೊಟ್ಟು 1 ಗಂಟೆಗೆ ಹೆಬ್ಬಗೋಡಿ ಹತ್ರ ಸಿಗ್ನಲ್ ಹಾರಿದರೆ ಆ ದಂಡ ಯಾರದ್ದು ಅಂತ ಜಗಳ ಬರುತ್ತೆ.

ಎಡಿಸನ್ ಕನ್ನಡಿಗ
ಭಾವಮೈದನನ್ನು ಬೈಯಬೇಡಿ. ಅವರ ಊರಿಗೆ ಅವರು ಹೇಳಿದ್ದು ಸರಿ. ನಾನೂ ನ್ಯೂಜೆರ್ಸಿಯಲ್ಲೇ ಇರೋದು. ಇಲ್ಲಿ ಕಾರು ಮಾರಿದರೆ ಪ್ಲೇಟ್ ನಾವೇ ಬಿಚ್ಚಿಕೊಂಡು ಇಲಾಖೆಗೆ ವಾಪಸ್ ಕೊಡಬೇಕು, ಇಲ್ಲವೇ ನಮ್ಮ ಮುಂದಿನ ಕಾರಿಗೆ ವರ್ಗಾಯಿಸಿಕೊಳ್ಳಬೇಕು. ಪಕ್ಕದ ನ್ಯೂಯಾರ್ಕ್‌ನಲ್ಲೂ ಹಾಗೇ. ಅಲ್ಲಂತೂ ಇನ್ಶೂರೆನ್ಸ್ ರದ್ದು ಮಾಡೋಕೆ ಮುಂಚೆ ಪ್ಲೇಟ್ ಒಪ್ಪಿಸಬೇಕು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಉಲ್ಟಾ, ಸಾಮಾನ್ಯ ಪ್ಲೇಟ್ ಗಾಡಿ ಜೊತೆಗೇ ಹೋಗುತ್ತೆ. ಮಾರಿದವರು 5 ದಿನದೊಳಗೆ "ನನ್ನ ಹೊಣೆ ಮುಗೀತು" ಅಂತ ಇಲಾಖೆಗೆ ತಿಳಿಸಬೇಕು. ನಮ್ಮ ಫಾರಂ 29 ಇದ್ದ ಹಾಗೆ ಅಂತ ಇಟ್ಕೊಳ್ಳಿ.

ಗಿರಿನಗರ ಗಿರಾಕಿ
ಅಮೆರಿಕದಲ್ಲೂ ಊರಿಗೊಂದು ಕಾನೂನಾ! ನಾವೇ ವಾಸಿ ಹಾಗಾದರೆ.

ಎಡಿಸನ್ ಕನ್ನಡಿಗ
ಇಲ್ಲಿ ಪೆನ್ಸಿಲ್ ಪ್ರಿಂಟ್ ಕೇಳಲ್ಲ ಮಾರಾಯ್ರೆ.

ಹಳೇಸ್ವಿಫ್ಟ್
ಪೆನ್ಸಿಲ್ ಪ್ರಿಂಟ್ ಅಂದರೆ ಏನು?

ಫಾರಂ 28
ಚಾಸಿಸ್ ನಂಬರಿನ ಅಚ್ಚು. ಗಾಡಿಯ ಮೇಲೆ ಕೊರೆದಿರುವ ನಂಬರಿಗೆ ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಬೇಕು. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಮಾಡ್ತಿದ್ವಲ್ಲ, ಅದೇ. ಅರ್ಜಿಗೆ ಅಂಟಿಸಬೇಕು. ಒಂದೇ ಸಲಕ್ಕೆ ನಾಲ್ಕೈದು ಪ್ರತಿ ಮಾಡಿಟ್ಟುಕೊಳ್ಳಿ. ಆ ಕಡೆ ಕೊಯಮತ್ತೂರಿನಲ್ಲೂ ಕೇಳಬಹುದು.

ಪಾಲಿಸಿ ಪಕ್ಕದಮನೆ
ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಲೇ ಇಲ್ಲ. ಥರ್ಡ್ ಪಾರ್ಟಿ ಭಾಗ, ಅಂದರೆ ಗುದ್ದಿಸಿಕೊಂಡವರಿಗೆ ಪರಿಹಾರ ಕೊಡುವ ಭಾಗ, ಗಾಡಿಯ ಜೊತೆಗೇ ಹೊಸಬರಿಗೆ ಹೋಗುತ್ತೆ. ಅವರು 14 ದಿನದೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳಬೇಕು. ಗಾಡಿಯ ಸ್ವಂತ ಡ್ಯಾಮೇಜ್ ಭಾಗ ಹಾಗೆ ತಾನಾಗಿ ಹೋಗಲ್ಲ. ಬದಲಿಸದೆ ಓಡಿಸಿ ಗುದ್ದಿದರೆ ಕ್ಲೇಮ್ ಸಿಗಲ್ಲ.

ಇನ್ನೊಂದು, ನಿಮ್ಮ ನೋ ಕ್ಲೇಮ್ ಬೋನಸ್ ಬಿಟ್ಟುಕೊಡಬೇಡಿ! ಅದು ಗಾಡಿಯದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಡ್ಯಾಮೇಜ್ ಭಾಗದ ಪ್ರೀಮಿಯಂನಲ್ಲಿ 50 ಪರ್ಸೆಂಟ್ ವರೆಗೂ ರಿಯಾಯಿತಿ ಇರುತ್ತೆ. ಮಾರಾಟದ ದಾಖಲೆ ತೋರಿಸಿ ಕಂಪನಿಯಿಂದ ಪತ್ರ ತಗೊಳ್ಳಿ. ಮೂರು ವರ್ಷದೊಳಗೆ ಹೊಸ ಕಾರು ತಗೊಂಡರೆ ಅದಕ್ಕೆ ಹಾಕಿಸಬಹುದು. ಕೊಳ್ಳುವವರು "ಬೋನಸ್ ಸಮೇತ ಪಾಲಿಸಿ ಕೊಡಿ" ಅಂತ ಕೇಳ್ತಾರೆ, ತಲೆ ಆಡಿಸಬೇಡಿ.

ಹಳೇಸ್ವಿಫ್ಟ್
ಅಯ್ಯೋ, ಅವರು ಅದನ್ನೇ ಕೇಳಿದ್ದರು. ನಾನು ಆಯ್ತು ಅಂದುಬಿಟ್ಟಿದ್ದೆ.

ಟೋಲ್ ತಿಮ್ಮ
ಫಾಸ್ಟ್‌ಟ್ಯಾಗ್ ಮರೀಬೇಡಿ. ಕಳೆದ ವರ್ಷ ನನ್ನ ಕಾರು ಕೊಟ್ಟು, ಬನ್ನೇರುಘಟ್ಟ ರಸ್ತೇಲಿ ದೋಸೆ ತಿಂತಾ ಕೂತಿದ್ದೆ. ಟಿಂಗ್. ಅತ್ತಿಬೆಲೆ ಟೋಲ್. ಎರಡನೇ ದೋಸೆ ಬರೋಷ್ಟರಲ್ಲಿ ಟಿಂಗ್. ಕೃಷ್ಣಗಿರಿ. ಅವರು ಮಧುರೈ ತಲುಪುವವರೆಗೂ ಎಲ್ಲೆಲ್ಲಿದ್ದಾರೆ ಅಂತ ನನಗೆ ಗೊತ್ತಾಗ್ತಾ ಇತ್ತು, ದುಡ್ಡು ನನ್ನದು. ಟ್ಯಾಗ್ ಕಿತ್ತು ಹಾಕಿದರೆ ಸಾಲದು. ಬ್ಯಾಂಕಿನಲ್ಲಿ ಖಾತೆ ಮುಚ್ಚಿಸಿ. ಒಂದು ಗಾಡಿಗೆ ಒಂದೇ ಟ್ಯಾಗ್ ಇರೋದು, ನೀವು ಮುಚ್ಚದಿದ್ದರೆ ಅವರಿಗೂ ಹೊಸದು ಸಿಗಲ್ಲ.

ಕ್ಯಾಮೆರಾ ಕಣ್ಣು
ದಂಡ ನೋಡಿಕೊಂಡಿದ್ದೀರಾ? ಬೆಂಗಳೂರಿನಲ್ಲಿ ದಂಡ ಇಲ್ಲದ ಕಾರು ಅಂದರೆ ಶೆಡ್‌ನಲ್ಲಿ ನಿಂತಿರೋ ಕಾರು. ಸಂಚಾರ ಪೊಲೀಸರ ವೆಬ್‌ಸೈಟ್‌ನಲ್ಲಿ ಅಥವಾ ಬೆಂಗಳೂರು ಒನ್ ಕೇಂದ್ರದಲ್ಲಿ ನಂಬರ್ ಹಾಕಿ ನೋಡಿ. ಎನ್‌ಒಸಿಗೆ ಹೋದಾಗ ಬಾಕಿ ಕಂಡರೆ ವಾಪಸ್ ಕಳಿಸ್ತಾರೆ.

ಗಿರಿನಗರ ಗಿರಾಕಿ
2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತಿದ್ದರಲ್ಲ. ನಮ್ಮ ಅತ್ತೆ ಸೀರೆ ಸೇಲ್ ಅಂದುಕೊಂಡು ಹೋಗಿ ನಿಂತಿದ್ದರು.

ಕಾಸರಗೋಡಿಂದ
ನಾನು ಕೊಂಡವನ ಕಡೆಯಿಂದ ಹೇಳ್ತೀನಿ. ಬೆಂಗಳೂರಿನಿಂದ ಎರಡು ಕಾರು ತಂದಿದ್ದೇನೆ, ಎರಡೂ ಈಗ ಕೆಎಲ್ 14. ಎನ್‌ಒಸಿಯಲ್ಲಿ ಯಾವ ಆರ್‌ಟಿಒಗೆ ಹೋಗುತ್ತೆ ಅಂತ ಬರೆದಿರುತ್ತೆ. ಮೊದಲನೇ ಸಲ ಮಾರಿದವರು ನನ್ನ ಆಧಾರ್ ವಿಳಾಸ ಸರಿಯಾಗಿ ನೋಡದೆ ಬೇರೆ ಕಚೇರಿ ಹೆಸರು ಹಾಕಿಸಿದ್ದರು. ಮತ್ತೆ ಮೊದಲಿಂದ ಮಾಡಿಸಬೇಕಾಯ್ತು. ಹಾಗಾಗಿ ಕೊಳ್ಳುವವರ ವಿಳಾಸದ ದಾಖಲೆ ಮೊದಲು ತಗೊಳ್ಳಿ. ಕೊಯಮತ್ತೂರಿನಲ್ಲಿ ಟಿಎನ್ 37, 38, 66 ಅಂತ ಬೇರೆ ಬೇರೆ ಇವೆ.

ರಸ್ತೆ ತೆರಿಗೆ ವಿಷಯ. ಹೊಸಬರು ಅವರ ರಾಜ್ಯದಲ್ಲಿ ಮತ್ತೆ ಕಟ್ಟಬೇಕು. ಕರ್ನಾಟಕದಲ್ಲಿ ನೀವು ಲೈಫ್ ಟ್ಯಾಕ್ಸ್ ಕಟ್ಟಿದ್ದೀರಲ್ಲ, ಅದರಲ್ಲಿ ಉಳಿದ ಪಾಲು ವಾಪಸ್ ಕೇಳಬಹುದು. ಆದರೆ ಅಲ್ಲಿ ನೋಂದಣಿ ಆದ ಮೇಲೆ, ಅದರ ದಾಖಲೆ ತೋರಿಸಿ. ಗಾಡಿ ಹಳೇದಾದಷ್ಟೂ ಕಡಿಮೆ. ಆ ದುಡ್ಡು ಯಾರಿಗೆ ಅನ್ನೋದನ್ನು ಚೌಕಾಸಿ ಮಾಡುವಾಗಲೇ ಮಾತಾಡಿಕೊಳ್ಳಿ. ಆಮೇಲೆ ಜಗಳ ಆಗುತ್ತೆ.

ಸಾಲ ತೀರಿತು
ಲೋನ್ ಇತ್ತಾ? ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಹಾಗೇ ಇರುತ್ತೆ. ಬ್ಯಾಂಕಿನ ಪತ್ರ, ಫಾರಂ 35 ಕೊಟ್ಟು ತೆಗೆಸಬೇಕು. ನಾನು 2016ರಲ್ಲಿ ಸಾಲ ತೀರಿಸಿ ಪತ್ರವನ್ನು ಬೀರುವಿನಲ್ಲಿ ಇಟ್ಟು ಮರೆತೆ. ಮಾರುವ ಹೊತ್ತಿಗೆ ಆ ಬ್ಯಾಂಕೇ ಇನ್ನೊಂದರ ಜೊತೆ ಸೇರಿಹೋಗಿತ್ತು. ಹಳೇ ಶಾಖೆ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ.

ಐಟಿ ಹುಡುಗ
ಇಷ್ಟೆಲ್ಲ ಯಾಕೆ? ರಾಜ್ಯ ಬದಲಾದರೂ ಬದಲಿಸಬೇಕಿಲ್ಲದ ಬಿಎಚ್ ಸೀರೀಸ್ ನಂಬರ್ ತಗೊಂಡಿದ್ದರೆ ಈ ರಗಳೆಯೇ ಇರ್ತಿರಲಿಲ್ಲ.

ಫಾರಂ 28
@ಐಟಿ ಹುಡುಗ ಬಿಎಚ್ ಬಂದಿದ್ದೇ 2021ರಲ್ಲಿ. ಇವರದ್ದು 2014ರ ಗಾಡಿ. ಅದೂ ಎಲ್ಲರಿಗೂ ಸಿಗಲ್ಲ. ಸರ್ಕಾರಿ ನೌಕರರಿಗೆ, ಇಲ್ಲವೇ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರಿಗೆ. ಕೊಳ್ಳುವವರಿಗೆ ಆ ಅರ್ಹತೆ ಇಲ್ಲದಿದ್ದರೆ ಬೇರೆಯದೇ ರಗಳೆ.

ಸಿಲ್ಕ್‌ಬೋರ್ಡ್ ಸಿಗ್ನಲ್
ಸೆಕೆಂಡ್ ಹ್ಯಾಂಡ್ ಡೀಲರಿಗೆ ಕೊಟ್ಟುಬಿಡಿ ಸಾರ್, 20 ಸಾವಿರ ಕಡಿಮೆ ಬಂದರೂ ನೆಮ್ಮದಿ.

ಕಟ್ಟೆ ವಕೀಲ
ಡೀಲರ್ ಅಧಿಕೃತನಾಗಿದ್ದರೆ ಮಾತ್ರ. 2023ರ ಏಪ್ರಿಲ್ 1ರಿಂದ ಹೊಸ ನಿಯಮ ಇದೆ. ಸಾರಿಗೆ ಇಲಾಖೆಯ ಅನುಮತಿ ಪತ್ರ ಇರುವ ಡೀಲರಿಗೆ ಗಾಡಿ ಒಪ್ಪಿಸಿ ಫಾರಂ 29ಸಿ ಮೂಲಕ ತಿಳಿಸಿದರೆ, ಅಲ್ಲಿಂದ ಮುಂದೆ ಅವನೇ ಮಾಲೀಕ ಅಂತ ಲೆಕ್ಕ. ಗೋಡೆ ಮೇಲೆ ಆ ಪತ್ರ ಇದೆಯಾ ನೋಡಿ. ಬರೀ ಲಕ್ಷ್ಮಿ ಫೋಟೋ ಇದ್ದರೆ ಸಾಲದು.

ಹೊಸೂರು ರೋಡ್
ನನ್ನ ಹತ್ರ ಒಳ್ಳೇ ಏಜೆಂಟ್ ಇದ್ದಾರೆ, ನಂಬರ್ ಹಾಕ್ತೀನಿ, ಎರಡೇ ದಿನದಲ್ಲಿ

ಮಾಡರೇಟರ್
ಫೋನ್ ನಂಬರ್ ತೆಗೆದಿದ್ದೇನೆ. ಏಜೆಂಟರ ಪ್ರಚಾರ ಇಲ್ಲಿ ಬೇಡ.

ಬುಲೆಟ್ ಬೇಡಪ್ಪ
ಏಜೆಂಟ್ ಯಾರೇ ಆಗಲಿ, ಮೊಬೈಲಿಗೆ ಬರುವ ಒಟಿಪಿ ಕೊಡುವಾಗ ಯಾವುದಕ್ಕೆ ಬಂದಿದೆ ಅಂತ ಓದಿ ಕೊಡಿ.

ಹಳೇಸ್ವಿಫ್ಟ್
ಎಲ್ಲರಿಗೂ ಧನ್ಯವಾದ. ಅವರಿಗೆ ಫೋನ್ ಮಾಡಿದೆ. "ಭಾನುವಾರ ಬೇಡ, ಎನ್‌ಒಸಿ ನಾನೇ ಮಾಡಿಸಿ ಕರೀತೀನಿ, ಬೋನಸ್ ನನ್ನದು" ಅಂದೆ. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ "ಸರಿ ಸಾರ್, ನಂಗೂ ಅದೇ ವಾಸಿ" ಅಂದರು. ಕಣ್ಣು ಕಟ್ಟಿದ್ದು ನನಗೇ ಅನಿಸುತ್ತೆ, ಅವರ ಹತ್ರ ಮೋಸ ಏನೂ ಇರಲಿಲ್ಲ.

ಫಾರಂ 28
ಒಂದು ಮಾತು. ಎನ್‌ಒಸಿ ಹಾಕುವ ಮುಂಚೆ ಅಡ್ವಾನ್ಸ್ ಸ್ವಲ್ಪ ಜಾಸ್ತಿ ಕೇಳಿ. ಎನ್‌ಒಸಿ ಆದ ಮೇಲೆ ಅವರು ಬೇಡ ಅಂದರೆ, ಅದನ್ನು ರದ್ದು ಮಾಡಿಸದೆ ನೀವು ಇಲ್ಲಿ ಬೇರೆಯವರಿಗೆ ಮಾರೋಕಾಗಲ್ಲ. 10 ಸಾವಿರಕ್ಕೆ ಆ ಓಡಾಟ ಗಿಟ್ಟಲ್ಲ.

ಹಳೇಸ್ವಿಫ್ಟ್
ಐದು ವಾರ ಆಯ್ತು, ಅಪ್‌ಡೇಟ್ ಕೊಡ್ತಾ ಇದ್ದೇನೆ.

ದಂಡ ನೋಡಿದೆ. ಮೂರು ಇದ್ದವು. ಎರಡು ಸಿಗ್ನಲ್ ಜಂಪ್ ನನ್ನದು, ಒನ್‌ವೇ ಮಗನದ್ದು. ಅವನು ಯಾವತ್ತೂ ಹೇಳಿರಲಿಲ್ಲ. ಫೋಟೋದಲ್ಲಿ ಪಕ್ಕದ ಸೀಟಿನಲ್ಲಿ ಯಾರೋ ಇದ್ದರು, ಅದರ ವಿಚಾರಣೆ ಬೇರೆ ನಡೀತಾ ಇದೆ.

ಪೆನ್ಸಿಲ್ ಪ್ರಿಂಟ್‌ಗೆ ಅರ್ಧ ದಿನ ಹೋಯ್ತು. ಬಾನೆಟ್ ಎತ್ತಿ ನೋಡಿದರೆ ಹಿಂದಿನ ತಗಡಿನ ಮೇಲೆ ಹನ್ನೊಂದು ವರ್ಷದ ಜಿಡ್ಡು. ಹೆಂಡತಿ ಪಾತ್ರೆ ತಿಕ್ಕುವ ಸ್ಕ್ರಬ್ಬರ್, ಸೀಮೆಎಣ್ಣೆ ಸಿಗದೆ ಪೆಟ್ರೋಲ್ ಅದ್ದಿದ ಬಟ್ಟೆ. ನಂಬರ್ ಕಾಣಿಸಿದ ಮೇಲೆ ಕಾಗದ ಜಾರುತ್ತೆ, ಎರಡನೇ ಕೈಗೆ ಜಾಗ ಇಲ್ಲ. ಕೊನೆಗೆ ಸೆಲ್ಲೋಟೇಪ್ ಅಂಟಿಸಿ, ಮಗನ ಕೈಲಿ ಟಾರ್ಚ್ ಹಿಡಿಸಿ, ಪೆನ್ಸಿಲ್ಲನ್ನು ಮಲಗಿಸಿ ಉಜ್ಜಿದೆ. ಹದಿನೇಳು ಅಕ್ಷರ ಒಂದೊಂದಾಗಿ ಮೇಲೆ ಬಂದವು. ಆರು ಪ್ರತಿ ಮಾಡಿದೆ. ಆರ್‌ಟಿಒನಲ್ಲಿ ಒಂದೇ ತಗೊಂಡರು.

ಎನ್‌ಒಸಿಗೆ ಮೂರು ಸಲ ಓಡಾಡಿದೆ. ಒಂದು ಸಲ ಸಹಿ ಹೊಂದಲ್ಲ ಅಂದರು. 2014ರಲ್ಲಿ ಸಹಿಯ ಕೆಳಗೆ ಎರಡು ಚುಕ್ಕಿ ಇಡ್ತಿದ್ದೆ, ಈಗ ಇಡಲ್ಲ. ಇಟ್ಟು ಕೊಟ್ಟೆ. ಸರಿಯಾಯ್ತು. ಪೂರ್ತಿ ದುಡ್ಡು ಖಾತೆಗೆ ಬಂದ ಮೇಲೆ ಗಾಡಿ ಕೊಟ್ಟೆ. ಫಾರಂಗಳಲ್ಲಿ ತಾರೀಖು ನನ್ನ ಕೈಯಲ್ಲೇ ಬರೆದೆ, ಎಲ್ಲದರ ಫೋಟೋ ತೆಗೆದಿಟ್ಟಿದ್ದೇನೆ. ಡೆಲಿವರಿ ನೋಟಿನಲ್ಲಿ ಬೆಳಿಗ್ಗೆ 11 ಗಂಟೆ 20 ನಿಮಿಷ, 82,416 ಕಿಲೋಮೀಟರ್. ಫಾಸ್ಟ್‌ಟ್ಯಾಗ್ ಹಿಂದಿನ ದಿನವೇ ಮುಚ್ಚಿಸಿದ್ದೆ. ಟಿಂಗ್ ಬರಲಿಲ್ಲ.

ಟೋಲ್ ತಿಮ್ಮ
ದೋಸೆ ನೆಮ್ಮದಿಯಾಗಿ ತಿಂದಿರಿ ಹಾಗಾದರೆ.

ಕಾಸರಗೋಡಿಂದ
ಅಲ್ಲಿ ಹೊಸ ನಂಬರ್ ಬಂದ ಮೇಲೆ ಹೊಸ ಆರ್‌ಸಿಯ ಫೋಟೋ ತರಿಸಿಕೊಳ್ಳಿ. ಅದು ಬರುವವರೆಗೂ ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಹೆಸರು ಬದಲಾಯ್ತಾ ಅಂತ ವಾರಕ್ಕೊಮ್ಮೆ ನೋಡ್ತಾ ಇರಿ.

ಕ್ಯಾಮೆರಾ ಕಣ್ಣು
ಎಚ್‌ಎಸ್‌ಆರ್‌ಪಿ ಹಾಕಿಸಿದಾಗ ತೆಗೆದ ಹಳೇ ಪ್ಲೇಟ್ ಎಲ್ಲಿ? ಗುಜರಿಗೆ ಹಾಗೇ ಹಾಕಬೇಡಿ. ಅದನ್ನು ಯಾವುದೋ ಗಾಡಿಗೆ ಸಿಕ್ಕಿಸಿಕೊಂಡು ಓಡಾಡುವವರಿದ್ದಾರೆ. ಕತ್ತರಿಸಿ ಎರಡು ತುಂಡು ಮಾಡಿ.

ಹಳೇಸ್ವಿಫ್ಟ್
ಮುಂದಿನ ಪ್ಲೇಟ್ ಕತ್ತರಿಸಿದೆ. ಹಿಂದಿನದು ಹುಡುಕಿದೆ, ಅಟ್ಟದ ಮೇಲೆ ಇರಲಿಲ್ಲ. ಹೆಂಡತಿಯನ್ನು ಕೇಳಿದರೆ ಗೇಟ್ ಪಕ್ಕ ತೋರಿಸಿದಳು. ಕಾವೇರಿ ನೀರಿನ ಮೀಟರ್ ಗುಂಡಿಗೆ ಮುಚ್ಚಳ ಒಡೆದುಹೋಗಿತ್ತಲ್ಲ, ಅದರ ಮೇಲೆ ಹಾಕಿ ಒಂದು ಕಲ್ಲು ಇಟ್ಟಿದ್ದಾಳೆ. ಒಂದು ವರ್ಷದಿಂದ ಅಲ್ಲೇ ಇದೆಯಂತೆ. ಮೀಟರ್ ರೀಡಿಂಗ್‌ಗೆ ಬರುವ ಹುಡುಗ ಪ್ರತಿ ತಿಂಗಳು ಎತ್ತಿ ಇಡ್ತಾನೆ. ಅದನ್ನು ಕತ್ತರಿಸಿದರೆ ಗುಂಡಿಗೆ ಹೊಸ ಮುಚ್ಚಳ ನೀನೇ ತಂದು ಹಾಕು ಅಂದಿದ್ದಾಳೆ.